ಮಗುವೇ ಮದ್ದೆಂಬ ಮಾತು

ಮದುವೆಯಾಗಿ ವರ್ಷ ತುಂಬಿದ ಸೊಸೆಯನ್ನು ಕುಬಸದ ಮನೆಯಲ್ಲಿ ಕಂಡವರು "ಏನಾದರೂ ವಿಶೇಷವೇ?" ಎಂದು ಕೇಳುವುದು ನಮ್ಮಲ್ಲಿ ರೂಢಿ. ಆಕೆ ನಕ್ಕು ಸುಮ್ಮನಾಗುತ್ತಾಳೆ. ತಿಂಗಳಿಗೆ ಮೂರು ದಿನ ಮುಟ್ಟಿನ ನೋವಿನಿಂದ ಹಾಸಿಗೆ ಹಿಡಿಯುವ ಸಂಗತಿಯನ್ನು ಅಲ್ಲಿ ಹೇಳುವುದಾದರೂ ಹೇಗೆ? ಹೇಳಿದರೂ ಹಿರಿಯರಿಂದ ಬರುವ ಉತ್ತರ ಬಹುಮಟ್ಟಿಗೆ ಒಂದೇ: "ಒಂದು ಮಗುವಾಗಲಿ, ಎಲ್ಲ ಸರಿಹೋಗುತ್ತದೆ."

ಮಾತು ಸದುದ್ದೇಶದ್ದೇ. ಆದರೆ ಆ ನೋವಿಗೆ ಎಂಡೋಮೆಟ್ರಿಯೋಸಿಸ್ ಕಾರಣವಾಗಿದ್ದರೆ ಅದನ್ನು ನಂಬಿ ನಡೆಯಲಾಗದು. ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶವು ಅದರ ಹೊರಗೆ, ಅಂಡಾಶಯ ಮತ್ತು ಗರ್ಭನಾಳಗಳ ಮೇಲೆ, ಕಿಬ್ಬೊಟ್ಟೆಯ ಒಳಗೆ ಬೆಳೆದು ಉರಿಯೂತವನ್ನುಂಟುಮಾಡುವ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ ಮಾಡುವ ವ್ಯಾಧಿಯಿದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ಪ್ರಾಯದ ಸ್ತ್ರೀಯರಲ್ಲಿ ಸುಮಾರು ಶೇ. 10 ಮಂದಿಗೆ ಇದುಂಟು. ಪತ್ತೆಯಾಗುವುದಕ್ಕೇ ವರ್ಷಗಳು ಹಿಡಿಯುತ್ತವೆ. ರೋಗ ನೀಗಲೆಂದೇ ಗರ್ಭ ಧರಿಸುವಂತೆ ಸಲಹೆ ನೀಡಬಾರದೆಂದು ಯುರೋಪಿನ ತಜ್ಞರ ಸಂಘದ 2022ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಬಸಿರಿನಲ್ಲಿ ಕೆಲವರಿಗೆ ನೋವು ತಗ್ಗುವುದು ನಿಜ. ಹೆರಿಗೆಯ ನಂತರ ಮುಟ್ಟು ಮರಳಿದಾಗ ನೋವೂ ಮರಳಬಹುದು.

ಹಾಗೆಂದು ಮಗುವಿನ ಯೋಚನೆಯನ್ನು ಮುಂದೂಡುತ್ತಲೇ ಹೋಗಬಹುದೇ? ಕಷ್ಟವಿರುವುದು ಇಲ್ಲಿಯೇ. ಡೈನೋಜೆಸ್ಟ್‌ನಂತಹ ಹಾರ್ಮೋನು ಮಾತ್ರೆಗಳು ನೋವನ್ನು ತಗ್ಗಿಸುತ್ತವೆ, ಜೊತೆಗೆ ಅಂಡ ಬಿಡುಗಡೆಯನ್ನೂ ತಡೆಯುತ್ತವೆ. ಅವನ್ನು ಸೇವಿಸುವಷ್ಟು ಕಾಲ ಮಗುವಿಗೆ ಪ್ರಯತ್ನಿಸುವಂತಿಲ್ಲ. ಮಗು ಬೇಕೆಂದು ನಿಲ್ಲಿಸಿದರೆ ನೋವು ಮತ್ತೆ ತಲೆಯೆತ್ತಬಹುದು. ಇತ್ತ ಮೂವತ್ತೈದರ ನಂತರ ಫಲವಂತಿಕೆ ಎಲ್ಲ ಸ್ತ್ರೀಯರಲ್ಲೂ ಬೇಗ ಕುಗ್ಗುತ್ತದೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಡ್ಡೆ, ಅಂದರೆ ವೈದ್ಯರು ಹೇಳುವ 'ಚಾಕೊಲೇಟ್ ಸಿಸ್ಟ್', ಇದ್ದು ಶಸ್ತ್ರಚಿಕಿತ್ಸೆ ಮಾಡಿಸಿದರೆ ಅಂಡಗಳ ಸಂಗ್ರಹವೂ ಕಡಿಮೆಯಾಗಬಹುದು. ಆದ್ದರಿಂದ ಮಗು ಯಾವಾಗ ಬೇಕೆಂಬುದನ್ನು ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನವೇ ದಂಪತಿಗಳಿಬ್ಬರೂ ಕುಳಿತು ವೈದ್ಯರೊಡನೆ ಮಾತನಾಡಬೇಕು. ಎಎಂಎಚ್ ರಕ್ತಪರೀಕ್ಷೆ ಅಂಡಸಂಗ್ರಹದ ಅಂದಾಜು ಕೊಡುತ್ತದೆಯೇ ಹೊರತು ಸಹಜವಾಗಿ ಗರ್ಭ ನಿಲ್ಲುವುದೋ ಇಲ್ಲವೋ ಎಂಬುದನ್ನಲ್ಲ. ಅಂಕಿ ಕಂಡು ಕಂಗೆಡಬೇಕಿಲ್ಲ. ಈ ವ್ಯಾಧಿಯಿದ್ದೂ ಸಹಜವಾಗಿ ತಾಯಂದಿರಾದವರು ಅನೇಕರು. ಆದರೂ ರೋಗ ಖಚಿತವಾದವರು ಗರ್ಭ ನಿಲ್ಲದಿದ್ದಲ್ಲಿ ವರ್ಷಗಟ್ಟಲೆ ಕಾಯದೆ ಬೇಗನೆ ತಜ್ಞರನ್ನು ಕಾಣುವುದು ಲೇಸು. ಪತಿಯೂ ಪರೀಕ್ಷೆ ಮಾಡಿಸಿಕೊಳ್ಳಲಿ. ಇದನ್ನು ಬರೆದು ಹೇಳಬೇಕಾಗಿ ಬಂದಿರುವುದೇ ಬೇಸರದ ಸಂಗತಿ.

ಶರಣರು ಹನ್ನೆರಡನೆಯ ಶತಮಾನದಲ್ಲೇ ಮುಟ್ಟಿನ ಸೂತಕವನ್ನು ಅಲ್ಲಗಳೆದರು. ಆ ದಿನಗಳಲ್ಲೂ ಇಷ್ಟಲಿಂಗಪೂಜೆ ತಪ್ಪದ ಮನೆಗಳಲ್ಲಿ ಮುಟ್ಟಿನ ನೋವಿನ ಮಾತೊಂದು ಮಾತ್ರ ಹೇಗೆ ಮೈಲಿಗೆಯಾಯಿತೋ!

ನಾವು ಬಲ್ಲ ಮನೆಯೊಂದರಲ್ಲಿ ಇಪ್ಪತ್ತೊಂಬತ್ತರ ಸೊಸೆ ಮತ್ತು ಆಕೆಯ ಪತಿ ಒಂದು ವರ್ಷ ಮಾತ್ರೆ ಸೇವಿಸಿ, ಬಳಿಕ ಮಗುವಿಗೆ ಪ್ರಯತ್ನಿಸುವುದೆಂದು ವೈದ್ಯರೊಡನೆ ಗೊತ್ತುಮಾಡಿಕೊಂಡಿದ್ದಾರೆ. ಆಸ್ಪತ್ರೆಗೆ ಎರಡನೆಯ ಸಲ ಅತ್ತೆಯವರೂ ಜೊತೆಗೆ ಹೋಗಿದ್ದರು. ಈಗ ಕುಬಸದ ಮನೆಗಳಲ್ಲಿ "ವಿಶೇಷವೇ?" ಎಂದು ಯಾರಾದರೂ ಸೊಸೆಯನ್ನು ಕೇಳಿದರೆ, "ಅದು ಅವರಿಬ್ಬರ ಲೆಕ್ಕ, ನೀವು ಊಟಕ್ಕೆ ಏಳಿರಿ" ಎಂದು ಅತ್ತೆಯವರೇ ಮಾತು ತಿರುಗಿಸುತ್ತಾರೆ.