ಇಂಪೀರಿಯಲ್ ಹೋಟೆಲಿನ ಒಳಾಂಗಣ

ಕಟ್ಟಡವೆಂದರೆ ಗೋಡೆ, ಕಂಬ, ಛಾವಣಿಗಳು ಎಂಬುದು ಸಾಮಾನ್ಯ ಭಾವನೆ. ಆದರೆ ಮನುಷ್ಯನು ವಾಸಿಸುವುದು ಗೋಡೆಯಲ್ಲಲ್ಲ, ಗೋಡೆಗಳು ಸುತ್ತುವರಿದ ಬಯಲಿನಲ್ಲಿ. ಆ ಬಯಲಿಗೆ ಆಕಾರವನ್ನೂ ಬೆಳಕನ್ನೂ ಕೊಡುವ ಕಲೆಯೇ ಒಳಾಂಗಣ ವಿನ್ಯಾಸ. ಈ ಮಾತಿನ ಅರ್ಥವನ್ನು ತಿಳಿಯಬಯಸುವ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಜಪಾನಿನ ಇನುಯಾಮ ನಗರದ ಬಳಿಯಿರುವ ಮೇಜಿ ಮುರಾ ಎಂಬ ಬಯಲು ವಸ್ತುಸಂಗ್ರಹಾಲಯಕ್ಕೆ ಹೋಗುವುದುಂಟು. ಹಳೆಯ ಕಟ್ಟಡಗಳನ್ನು ಕಳಚಿ ತಂದು ಮತ್ತೆ ನಿಲ್ಲಿಸಿರುವ ಆ ತಾಣದಲ್ಲಿ, ಟೋಕಿಯೋ ನಗರದ ಇಂಪೀರಿಯಲ್ ಹೋಟೆಲಿನ ಮುಂಭಾಗವೂ ಇದೆ.

ಈ ಹೋಟೆಲನ್ನು ರೂಪಿಸಿದವರು ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ (1867–1959). 1905ರಲ್ಲಿ ಮೊದಲ ಸಲ ಜಪಾನಿಗೆ ಬಂದಿದ್ದ ಅವರು ಅಲ್ಲಿಯ ವರ್ಣಚಿತ್ರ ಮುದ್ರಿಕೆಗಳಿಗೆ ಮಾರುಹೋಗಿದ್ದರು. ಹೋಟೆಲಿನ ಕೆಲಸ ಅವರ ಪಾಲಿಗೆ ಬಂದಾಗ, ಪಶ್ಚಿಮದ ಸೌಕರ್ಯವೂ ಪೂರ್ವದ ಸಂಯಮವೂ ಒಂದೇ ಸೂರಿನಡಿ ಕೂಡಬೇಕೆಂದು ಅವರು ಬಯಸಿದರು.

ಹೊಸದಾಗಿ ಬಂದ ವಿದ್ಯಾರ್ಥಿಗೆ ಮೊದಲು ಕಾಣುವುದು ಕೊಳ. ಅದರ ಹಿಂದೆ ಹಳದಿ ಛಾಯೆಯ ಇಟ್ಟಿಗೆಯ ಗೋಡೆಗಳು. ಅವುಗಳ ನಡುವೆ ಕೆತ್ತನೆಯ ಅಲಂಕಾರಗಳು. ಬಾಗಿಲನ್ನು ದಾಟಿದೊಡನೆ ಅವನಿಗೆ ತುಸು ನಿರಾಸೆಯಾಗಬಹುದು. ಇಷ್ಟು ದೊಡ್ಡ ಹೋಟೆಲಿನ ಪ್ರವೇಶ ಇಷ್ಟು ತಗ್ಗಾಗಿದೆಯೇಕೆ? ಕೈಯೆತ್ತಿದರೆ ಛಾವಣಿ ಸಿಕ್ಕೀತೆಂಬ ಭಾವನೆ. ಆದರೆ ನಾಲ್ಕು ಹೆಜ್ಜೆ ಮುಂದಿಟ್ಟು, ಮೆಟ್ಟಿಲೇರಿ ನಿಂತಾಗ ಮೂರು ಅಂತಸ್ತಿನ ಎತ್ತರದ ಹಜಾರ ತಟ್ಟನೆ ತೆರೆದುಕೊಳ್ಳುತ್ತದೆ. ಆಗ ತಗ್ಗಿನ ಮರ್ಮ ತಿಳಿಯುತ್ತದೆ. ಎತ್ತರವನ್ನು ಅನುಭವಕ್ಕೆ ತರುವುದು ಅಳತೆಯಲ್ಲ, ಹೋಲಿಕೆ. ತಗ್ಗಿನಿಂದ ಬಂದವನಿಗೆ ಮಾತ್ರ ಎತ್ತರ ಪೂರ್ಣವಾಗಿ ಕಾಣುತ್ತದೆ.

ಹಜಾರದಲ್ಲಿ ಅವನ ಕಣ್ಣನ್ನು ಸೆಳೆಯುವುದು ಕಂಬಗಳು. ಅವು ಟೊಳ್ಳಾದ ಕಂಬಗಳು, ಮೈಯೆಲ್ಲಾ ರಂಧ್ರಗಳ ಚಿತ್ತಾರ, ಒಳಗೆ ದೀಪ. ಬೆಳಕು ಛಾವಣಿಯಿಂದ ಸುರಿಯದೆ ಕಂಬದ ಮೈಯಿಂದಲೇ ಸೋಸಿ ಬರುತ್ತದೆ. ಭಾರವನ್ನು ಹೊರಲೆಂದೇ ಇರುವಂತೆ ಕಾಣುವ ವಸ್ತು ಇಲ್ಲಿ ಬೆಳಕಿನ ಬುಟ್ಟಿಯಾಗಿ ಮಾರ್ಪಟ್ಟಿದೆ.

ಕೆತ್ತನೆಗೆ ಬಳಸಿದ್ದು ಓಯಾ ಕಲ್ಲು. ಉತ್ಸುನೊಮಿಯಾ ನಗರದ ಸಮೀಪದಲ್ಲಿ ದೊರೆಯುವ ಈ ಕಲ್ಲು ಜ್ವಾಲಾಮುಖಿಯ ಬೂದಿಯಿಂದಾದದ್ದು. ಮೃದು, ಹಗುರ, ಸಣ್ಣ ಸಣ್ಣ ತೂತುಗಳುಳ್ಳದ್ದು. ಹೆಮ್ಮೆಯ ಹೋಟೆಲಿಗೆ ಇದು ತಕ್ಕುದಲ್ಲವೆಂಬ ಆಕ್ಷೇಪವನ್ನು ರೈಟ್ ಲೆಕ್ಕಿಸಲಿಲ್ಲ. ಗೆರೆ ಎಳೆದ ಮೈಯುಳ್ಳ ಇಟ್ಟಿಗೆಗಳನ್ನು ಇದಕ್ಕಾಗಿಯೇ ಟೊಕೊನಾಮೆಯಲ್ಲಿ ತಯಾರಿಸಲಾಯಿತು. ಕುರ್ಚಿಗಳ ಬೆನ್ನು ಷಟ್ಕೋನಾಕೃತಿಯದು. ಕುರ್ಚಿ, ಜಮಖಾನೆ, ಊಟದ ತಟ್ಟೆಗಳ ಮೇಲಿನ ಬಣ್ಣದ ವೃತ್ತಗಳು ಎಲ್ಲವೂ ರೈಟ್ ಅವರ ಕಲ್ಪನೆಯಿಂದಲೇ ಮೂಡಿದವು. ಗೋಡೆಯ ಮೇಲಿನ ಆಕೃತಿ ಪೀಠೋಪಕರಣದಲ್ಲಿ ಮರುದನಿಗೊಡುತ್ತದೆ. ಅಲಂಕಾರವನ್ನು ತಂದು ಕಟ್ಟಡಕ್ಕೆ ಅಂಟಿಸಿಲ್ಲ, ಅದು ಕಟ್ಟಡದೊಳಗಿನಿಂದಲೇ ಬೆಳೆದಿದೆ ಎಂಬುದನ್ನು ವಿದ್ಯಾರ್ಥಿ ಮನಗಾಣುತ್ತಾನೆ.

ಈ ಚೆಲುವಿನ ಬೆಲೆ ಕಡಿಮೆಯಾಗಿರಲಿಲ್ಲ. ವೆಚ್ಚ ಅಂದಾಜನ್ನು ಮೀರಿ ಬೆಳೆಯಿತು. ಕಟ್ಟಡ ಮುಗಿಯುವ ಮುನ್ನವೇ, 1922ರಲ್ಲಿ, ರೈಟ್ ಜಪಾನನ್ನು ಬಿಟ್ಟರು. ಉಳಿದ ಕೆಲಸವನ್ನು ಪೂರೈಸಿದವರು ಅವರ ಶಿಷ್ಯ ಅರಾಟ ಎಂಡೊ. 1923ರ ಸೆಪ್ಟೆಂಬರ್ 1ರಂದು ಉದ್ಘಾಟನೆಯ ಸಮಾರಂಭ ಗೊತ್ತಾಗಿತ್ತು. ಅಂದು ನಡುಹಗಲಿಗೆ ಎರಡು ನಿಮಿಷ ಮುಂಚೆ ಭೂಮಿ ನಡುಗಿತು. ಭೂಕಂಪವೂ ಅದರ ಹಿಂದೆಯೇ ಹಬ್ಬಿದ ಬೆಂಕಿಯೂ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡವು. ಟೋಕಿಯೋ ಮತ್ತು ಯೊಕೊಹಾಮಾ ನಗರಗಳ ಬಹುಭಾಗ ಬೂದಿಯಾಯಿತು. ಹೋಟೆಲು ಮಾತ್ರ ನಿಂತಿತ್ತು.

ಅದಕ್ಕೆ ಏನೂ ಆಗಲಿಲ್ಲವೆಂಬ ದಂತಕಥೆ ಲೋಕದಲ್ಲೆಲ್ಲಾ ಹರಡಿತು. ನಿಜಸ್ಥಿತಿ ಬೇರೆ. ಕೆಲವೆಡೆ ನೆಲ ಉಬ್ಬಿತ್ತು, ನಡುಭಾಗ ತಗ್ಗಿತ್ತು. ಆದರೂ ಕಟ್ಟಡ ಉರುಳದಿರಲು ಕಾರಣಗಳಿದ್ದವು. ಅದನ್ನು ಬಿಡಿ ಬಿಡಿ ಭಾಗಗಳಾಗಿ ಕಟ್ಟಿ ನಡುವೆ ಸಂದುಗಳನ್ನು ಬಿಡಲಾಗಿತ್ತು. ಭಾರವಾದ ಹೆಂಚುಗಳಿಗೆ ಬದಲಾಗಿ ಹಗುರವಾದ ತಾಮ್ರದ ಹೊದಿಕೆಯಿತ್ತು. ಅಂದಕ್ಕಾಗಿ ತೋಡಿದಂತೆ ಕಾಣುತ್ತಿದ್ದ ಕೊಳದ ನೀರು ಬೆಂಕಿಯನ್ನು ತಡೆಯಲು ಒದಗಿತು. ಚೆಲುವಿಗೂ ಉಪಯೋಗಕ್ಕೂ ನಡುವೆ ಗೋಡೆಯಿಲ್ಲವೆಂಬುದನ್ನು ಆ ಒಂದು ದಿನ ತೋರಿಸಿಕೊಟ್ಟಿತು.

ಭೂಕಂಪವನ್ನು ಗೆದ್ದ ಕಟ್ಟಡ ಕಾಲವನ್ನು ಗೆಲ್ಲಲಾರದಾಯಿತು. ತಳದ ಕೆಸರುನೆಲದಲ್ಲಿ ಅದು ವರ್ಷವರ್ಷವೂ ಕುಸಿಯುತ್ತಿತ್ತು. 1945ರ ವಿಮಾನದಾಳಿಯಲ್ಲಿ ಒಂದು ಪಾರ್ಶ್ವ ಸುಟ್ಟಿತು. ಮೃದುವಾದ ಕಲ್ಲು ಸವೆಯಿತು. ನಗರದ ನಡುವಿನ ಬೆಲೆಬಾಳುವ ನೆಲದಲ್ಲಿ ತಗ್ಗಾದ ಕಟ್ಟಡವಿರುವುದು ನಷ್ಟವೆಂದು ಒಡೆಯರು ಬಗೆದರು. ಉಳಿಸಿಕೊಳ್ಳಬೇಕೆಂಬ ಕೂಗು ಎದ್ದಿತಾದರೂ 1968ರ ಹೊತ್ತಿಗೆ ಹೋಟೆಲು ನೆಲಸಮವಾಯಿತು. ಅಲ್ಲಿ 1970ರಲ್ಲಿ 17 ಅಂತಸ್ತಿನ ಕಟ್ಟಡ ತಲೆಯೆತ್ತಿತು. ಮುಂಭಾಗದ ಅವಶೇಷಗಳನ್ನು ಮೇಜಿ ಮುರಾಕ್ಕೆ ಸಾಗಿಸಿ, ಸವೆದ ಕಲ್ಲಿಗೆ ಬದಲಾಗಿ ಹಲವೆಡೆ ಕಾಂಕ್ರೀಟಿನ ಅಚ್ಚುಗಳನ್ನು ಜೋಡಿಸಿ, 1985ರಲ್ಲಿ ಮರುನಿರ್ಮಾಣವನ್ನು ಮುಗಿಸಲಾಯಿತು.

ಆದುದರಿಂದ ವಿದ್ಯಾರ್ಥಿಯು ಕಾಣುವುದು ಹೋಟೆಲಿನ ಒಂದು ತುಣುಕನ್ನು ಮಾತ್ರ. ಹಜಾರವನ್ನು ದಾಟಿ ಮುಂದೆ ಹೋದರೆ ಊಟದ ಮನೆಯಿಲ್ಲ, ಮಲಗುವ ಕೋಣೆಗಳಿಲ್ಲ, ಪಯಣಿಗರಿಲ್ಲ. ಕಲ್ಲುಗಳಲ್ಲಿ ಕೆಲವು ಹಳೆಯವು, ಕೆಲವು ಹೊಸವು. ಹಾಗಾದರೆ ಉಳಿದದ್ದೇನು? ಅವನು ಹಿಂದಿರುಗುವಾಗ ಮತ್ತೆ ಆ ತಗ್ಗಾದ ಬಾಗಿಲಿಗೆ ಬರುತ್ತಾನೆ. ತನಗರಿವಿಲ್ಲದೆಯೇ ತಲೆ ತುಸು ಬಾಗುತ್ತದೆ. ನೂರು ವರ್ಷಗಳ ಹಿಂದೆ ಟೋಕಿಯೋದಲ್ಲಿ ಆ ಬಾಗಿಲನ್ನು ಹಾದವರಿಗೂ ಹೀಗೆಯೇ ಅನಿಸಿರಬೇಕು. ಕಲ್ಲು ಬದಲಾಗಿದ್ದರೂ, ಅದು ಸುತ್ತುವರಿದ ಬಯಲು ಬದಲಾಗಿಲ್ಲ.