ನಿಮಗಿದು ಗೊತ್ತೆ? ಹಿಮಾಲಯ ದಾಟಿ ಬರುವ ಹೆಬ್ಬಾತು

ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ವಲಸೆ ಹಕ್ಕಿಗಳಲ್ಲಿ ಪಟ್ಟೆತಲೆ ಹೆಬ್ಬಾತು ಒಂದು. ಮಂಗೋಲಿಯಾ, ಟಿಬೆಟ್ ಮತ್ತು ಲಡಾಖ್‌ನ ಸರೋವರಗಳ ಬಳಿ ಮರಿ ಮಾಡುವ ಈ ಹಕ್ಕಿ, ಅಲ್ಲಿ ನೀರು ಹೆಪ್ಪುಗಟ್ಟುವ ಮುನ್ನ ದಕ್ಷಿಣಕ್ಕೆ ಹೊರಡುತ್ತದೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯೂ ಇದರ ಹೆಸರಾಂತ ತಂಗುದಾಣ.

ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಬೂದು ಮೈ, ಹಳದಿ ಕೊಕ್ಕು ಮತ್ತು ಕಾಲು ಇದರ ಗುರುತು. ಹಿಮಾಲಯ ದಾಟುವಾಗ ಕೆಲವು ಹೆಬ್ಬಾತುಗಳು 7,000 ಮೀಟರ್‌ಗೂ ಹೆಚ್ಚು ಎತ್ತರದಲ್ಲಿ ಹಾರಿದ್ದು ಉಪಗ್ರಹ ಸಾಧನಗಳಿಂದ ದಾಖಲಾಗಿದೆ. ಆಮ್ಲಜನಕವನ್ನು ಬೇಗ ಹಿಡಿದುಕೊಳ್ಳುವ ಹಿಮೋಗ್ಲೋಬಿನ್ ಮತ್ತು ಅಗಲವಾದ ರೆಕ್ಕೆ ಈ ಹಾರಾಟಕ್ಕೆ ನೆರವಾಗುತ್ತವೆ.

ಹೆಬ್ಬಾತು ಮುಖ್ಯವಾಗಿ ಹುಲ್ಲು, ಕಾಳು, ಎಳೆ ಪೈರು ತಿನ್ನುತ್ತದೆ. ಹಗಲು ಹೊತ್ತು ನೀರಿನಂಚಿನಲ್ಲಿ ಗುಂಪಾಗಿ ವಿಶ್ರಮಿಸಿ, ಸಂಜೆಯ ನಂತರ ಗದ್ದೆ ಬಯಲುಗಳಿಗೆ ಮೇಯಲು ಹೋಗುವುದು ಸಾಮಾನ್ಯ. ಮಾರ್ಚ್ ವೇಳೆಗೆ ಗುಂಪುಗಳು ಉತ್ತರಕ್ಕೆ ಮರಳುತ್ತವೆ.

ಚಿತ್ರ ತೆಗೆಯಲು ಬೆಳಗಿನ ಹೊತ್ತು ಒಳ್ಳೆಯದು. ಬೆನ್ನ ಹಿಂದೆ ಸೂರ್ಯನಿದ್ದರೆ ತಲೆಯ ಪಟ್ಟೆ ಸ್ಪಷ್ಟವಾಗಿ ಮೂಡುತ್ತದೆ. ಹಾರುವ ಹಕ್ಕಿಗೆ ಸೆಕೆಂಡಿನ 1/2000ರಷ್ಟು ಶಟರ್ ವೇಗ ಬೇಕು. ಮೇಯುತ್ತಿದ್ದ ಹಕ್ಕಿಗಳೆಲ್ಲ ಒಮ್ಮೆಗೇ ಕತ್ತೆತ್ತಿದರೆ ಅವು ಬೆದರಿವೆ ಎಂದರ್ಥ. ಅಲ್ಲಿಂದ ಮುಂದೆ ಹೋಗಬಾರದು. ಕಬಿನಿ ಹಿನ್ನೀರಿನ ಒಂದು ಭಾಗ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೊಂದಿಕೊಂಡಿದೆ. ಅರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ.