ಕೊನೆಯ ಪಂಕ್ತಿಯ ಊಟ

ಉತ್ತರಧ್ರುವದ ಕಡಲೆಂದೊಡನೆ ನಮ್ಮ ಕಲ್ಪನೆಗೆ ಬರುವುದು ನಿರ್ಜೀವವಾದ ಬಿಳಿಯ ವಿಸ್ತಾರ. ನಾರ್ವೆ, ರಷ್ಯಾಗಳ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರ ಈ ಕಲ್ಪನೆಯನ್ನು ಸುಳ್ಳಾಗಿಸುತ್ತದೆ. ಅಟ್ಲಾಂಟಿಕದ ಬೆಚ್ಚನೆಯ ಪ್ರವಾಹ ಅಲ್ಲಿ ಧ್ರುವದ ತಣ್ಣೀರನ್ನು ಸಂಧಿಸುತ್ತದೆ. ಜಗತ್ತಿನ ಅತಿ ದೊಡ್ಡ ಕಾಡ್ ಮೀನಿನ ಸಂತತಿ ಬೆಳೆಯುವುದು ಅಲ್ಲಿಯೇ.

ಇಂಥ ಸಂಪತ್ತನ್ನು ಬಳಸಬೇಕೆ, ಕಾಪಾಡಬೇಕೆ? ಪ್ರಶ್ನೆಯನ್ನು ಹೀಗೆ ಎರಡು ಹೋಳು ಮಾಡುವುದೇ ಸರಿಯಲ್ಲವೆಂದು ನನ್ನ ಎಣಿಕೆ. ಗೇಣುದ್ದವೂ ಇರದ ಕೇಪ್ಲಿನ್ ಮೀನಿನ ಕಥೆ ಇದಕ್ಕೆ ಸಾಕ್ಷಿ.

ಕಾಡ್, ಸೀಲ್, ತಿಮಿಂಗಿಲ, ಕಡಲಹಕ್ಕಿ, ಎಲ್ಲಕ್ಕೂ ಕೇಪ್ಲಿನ್ ಆಹಾರ. ಮನುಷ್ಯ ಅದನ್ನು ಎಣ್ಣೆಗಾಗಿ, ಪಶುಗಳ ಮೇವಿನ ಹಿಟ್ಟಿಗಾಗಿ ಹಿಡಿದ. 1970ರ ದಶಕದ ಕೆಲವು ವರ್ಷಗಳಲ್ಲಿ ಹಿಡಿದದ್ದು 20 ಲಕ್ಷ ಟನ್ನನ್ನೂ ಮೀರಿತು. 1980ರ ದಶಕದ ನಡುವೆ ಸಂತತಿ ಕುಸಿಯಿತು. ತಪ್ಪು ಬಲೆಯದೊಂದೇ ಅಲ್ಲ. 1983ರಲ್ಲಿ ಹೇರಳವಾಗಿ ಹುಟ್ಟಿದ ಹೆರಿಂಗ್ ಮೀನುಗಳು ಕೇಪ್ಲಿನ್ ಮರಿಗಳನ್ನು ತಿಂದುಹಾಕಿದ್ದವು. ಆದರೆ ಕಡಲು ಬಡವಾಗುತ್ತಿದ್ದಾಗಲೂ ಬಲೆ ಇಳಿಯುತ್ತಲೇ ಇತ್ತು. ಕಾಡ್ ಸೊರಗಿತು, ತನ್ನ ಮರಿಗಳನ್ನೇ ತಿಂದಿತು. ಹಸಿದ ಹಾರ್ಪ್ ಸೀಲ್‌ಗಳು ನಾರ್ವೆಯ ತೀರಕ್ಕೆ ನುಗ್ಗಿ ಬಲೆಗಳಲ್ಲಿ ಸಿಕ್ಕು ಸತ್ತವು. ಕರಡಿ ದ್ವೀಪದ ಕಡಿದಾದ ಬಂಡೆಗಳಿಗೆ 1987ರಲ್ಲಿ ಮರಳಿದ ಗಿಲ್ಲೆಮಾಟ್ ಹಕ್ಕಿಗಳು ಹಿಂದಿನ ವರ್ಷದ ಒಂದು ಸಣ್ಣ ಪಾಲು ಮಾತ್ರ. ಕೇಪ್ಲಿನ್ ಹಿಡಿಯುವುದನ್ನು ಕೆಲವು ವರ್ಷ ನಿಲ್ಲಿಸಲೇಬೇಕಾಯಿತು.

ಆ ಕಡಲಿನ ಪಾಲನ್ನು ಗೊತ್ತುಮಾಡಲು ಎರಡು ದೇಶಗಳ ಜಂಟಿ ಆಯೋಗವೊಂದು 1976ರಿಂದ ಸೇರುತ್ತಿದೆ. ಅದು ಮುಂದೆ ಅಂಗೀಕರಿಸಿದ ಲೆಕ್ಕ ನನಗೆ ಬಹಳ ಅರ್ಥಪೂರ್ಣವಾಗಿ ತೋರುತ್ತದೆ. ಕಾಡ್ ತಿನ್ನಬಹುದಾದ ಕೇಪ್ಲಿನ್‌ಅನ್ನು ಮೊದಲು ಕಳೆಯಬೇಕು. ಮೊಟ್ಟೆಯಿಡಲು ಕನಿಷ್ಠ 2 ಲಕ್ಷ ಟನ್ ಉಳಿಯುವುದೆಂಬ ಭರವಸೆ ನೂರಕ್ಕೆ 95ರಷ್ಟಾದರೂ ಇರಬೇಕು. ಆಮೇಲೆ ಮಿಕ್ಕರೆ ಮನುಷ್ಯನಿಗೆ. ಮದುವೆಮನೆಯಲ್ಲಿ ಬಂದವರಿಗೆಲ್ಲ ಬಡಿಸಿ, ಮನೆಯವರು ಕೊನೆಯ ಪಂಕ್ತಿಗೆ ಕೂರುವುದಿಲ್ಲವೆ? ಇದೂ ಹಾಗೆಯೇ. ಎಷ್ಟೋ ಸಲ ಪಾತ್ರೆಯಲ್ಲಿ ಏನೂ ಮಿಗುವುದಿಲ್ಲ. 2019ರಿಂದ 2021ರವರೆಗೆ ಮೂರು ವರ್ಷವೂ ಕೇಪ್ಲಿನ್ ಹಿಡಿಯಲು ಅನುಮತಿ ದೊರೆಯಲಿಲ್ಲ.

ನಿಯಮವಿದ್ದರೆ ಸಮೃದ್ಧಿ ತಾನಾಗಿ ಬರುವುದೆಂದಲ್ಲ. 2013ರಲ್ಲಿ 10 ಲಕ್ಷ ಟನ್ ಇದ್ದ ಕಾಡ್ ಮೀನಿನ ಮಿತಿ 2025ಕ್ಕೆ 3 ಲಕ್ಷ 40 ಸಾವಿರ ಟನ್ನಿಗೆ ಇಳಿಯಿತು. ದೋಣಿಯ ಸಾಲ ತೀರಿಸಬೇಕಾದವನಿಗೆ ಈ ಇಳಿತ ಬರಿಯ ಅಂಕಿಯಲ್ಲ. ಆದರೂ ಮಿತಿಯಿಂದ ಅವನಿಗಾಗುವ ನಷ್ಟ ಒಂದೆರಡು ವರ್ಷದ್ದು. ಮಿತಿಯಿಲ್ಲದೆ ಕಡಲು ಬರಿದಾದರೆ, ಅದು ಅವನ ಮಕ್ಕಳ ನಷ್ಟ.